ಎರಡು ಫರ್ಲಾಂಗು ದೂರದ ಹೆಪ್ಪು

ಎಂಬತ್ತರ ದಶಕದಲ್ಲಿ ನಾನು ಹೊಸನಗರದಲ್ಲಿ ಸರ್ವೆ ಕೆಲಸದಲ್ಲಿದ್ದೆ. ಅಣೆಕಟ್ಟೆಯ ನೀರಿಗೆ ಊರು ಬಿಟ್ಟವರು ಹೊಸ ಜಾಗದಲ್ಲಿ ಎಷ್ಟರಮಟ್ಟಿಗೆ ಚೇತರಿಸಿಕೊಂಡಿದ್ದಾರೆ, ಮುಂದಿನ ಮಳೆಗಾಲಗಳನ್ನು ತಡೆದುಕೊಳ್ಳುತ್ತಾರೋ ಇಲ್ಲವೋ ಎಂದು ಅಳೆದು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಫಾರಂ ಕೊಟ್ಟಿದ್ದರು. ಸೂರು, ಬಾವಿ, ನೆರೆಮನೆ, ಒಂದೊಂದಕ್ಕೂ ಅಂಕ. ಮನುಷ್ಯರ ಬದುಕಿಗೆ ಅಂಕ ಹಾಕುವ ಅಧಿಕಾರ ಸಿಕ್ಕಿತಲ್ಲ, ನನಗೆ ಕೊಂಬು ಬಂದಿತ್ತು.

ಮಾಸ್ತಿಕಟ್ಟೆ ಕಡೆ ಒಬ್ಬ ವಿಧವೆಯ ಮನೆಗೆ ಹೋದದ್ದು ಮಾರ್ಚಿನಲ್ಲಿ. ಐವತ್ತು ದಾಟಿದ ಒಂಟಿ ಹೆಂಗಸು. ಹೆಂಚು ಹೊದಿಸಿದ ಗಟ್ಟಿ ಮನೆ, ನೀರಿರುವ ಬಾವಿ, ಕೊಟ್ಟಿಗೆಯಲ್ಲಿ ಕರೆಯುವ ಎಮ್ಮೆ. ಆಕೆಗೆ ಬೇಕಾಗಿದ್ದದ್ದು ಒಂದೇ. ಹಳ್ಳದಾಚೆ, ಹಳೆಯ ಊರಿನ ನೆರೆಯವಳ ಪಕ್ಕ ಖಾಲಿ ಬಿದ್ದಿದ್ದ ಜಾಗವನ್ನು ತನಗೆ ಬದಲಿಸಿಕೊಡಬೇಕು. ಅರ್ಜಿ ಹಾಕಿದ್ದಳು, ನನ್ನ ಫಾರಂ ನೋಡಿಯೇ ಅದರ ತೀರ್ಮಾನ.

ಮಜ್ಜಿಗೆ ಕೊಟ್ಟು ಹೇಳಿದಳು: "ಮಳೆ ಹಿಡ್ದಾಗ ಮೊಸ್ರು ಕೆಟ್ರೆ ಹೆಪ್ಪಿಗೆ ಯಾರ ಮನೆಗೆ ಹೋಗ್ಲಿ? ಅದ್ನ ಬರ್ಕಳಿ ಮಾರಾಯ್ರೆ. ಹಳೇ ಊರಲ್ಲಿದ್ದಾಗ ಎರಡು ದಿನ ನಾ ಕಾಣ್ಲಿಲ್ಲ ಅಂದ್ರೆ ಅವಳೇ ಬಟ್ಲು ಹಿಡ್ಕಂಡು ಬರೋಳು."

ಹೆಪ್ಪಿಗೆಂದು ಕಾಲಂ ಇರಲಿಲ್ಲ. ನೆರೆಮನೆ ಎಷ್ಟು ದೂರ ಎಂದಷ್ಟೇ ಇತ್ತು. ಹೊರಗೆ ಸುಡುಬಿಸಿಲು, ಮಳೆಯ ಮಾತು ನನ್ನ ಕಿವಿಗೆ ಬೀಳಲಿಲ್ಲ. ಮಹಾ ಶಿಸ್ತಿನವನಂತೆ ಸರಪಳಿ ಹಿಡಿದು, ಒಣಗಿದ ಹಳ್ಳಕ್ಕೆ ಇಳಿದು ಆಚೆಯ ಆ ನೆರೆಯವಳ ಮನೆಯ ತನಕ ನೆಟ್ಟಗೆ ಅಳೆದೆ. ಎರಡು ಫರ್ಲಾಂಗು. ಪೂರ್ತಿ ಅಂಕ. ಮಲೆನಾಡಿನಲ್ಲೇ ಹುಟ್ಟಿ ಬೆಳೆದವನಿಗೆ ಆ ಹಳ್ಳ ಜೂನಿನಲ್ಲಿ ಏನಾಗುತ್ತದೆ ಎಂದು ಹೊಳೆಯಲಿಲ್ಲವಲ್ಲ, ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ನೆಲೆಯೂರಿದ್ದಾರೆ, ಬದಲಾವಣೆ ಅನಗತ್ಯ ಎಂದು ಅರ್ಜಿ ವಾಪಸಾಯಿತು. ಆಷಾಢದಲ್ಲಿ ಆ ದಾರಿಯಲ್ಲಿ ಹೋದಾಗ ಹಳ್ಳ ದಡ ಮೀರಿ ಹರಿಯುತ್ತಿತ್ತು. ಸೇತುವೆಗೆ ಸುತ್ತಿ ಬರಲು ಅರ್ಧ ದಿನ ಬೇಕು. ತಪ್ಪು ನನ್ನದೆಂದು ಮೇಲಿನವರಿಗೆ ಬರೆದುಕೊಂಡೆ. ಮುಗಿದ ಫೈಲನ್ನು ಮತ್ತೆ ತೆಗೆಯುವಂತಿಲ್ಲ ಎಂದರು.

ದೀಪಾವಳಿಯ ಹೊತ್ತಿಗೆ ಆಕೆ ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಎಮ್ಮೆ ಮಾರಿ, ಮನೆಗೆ ಬೀಗ ಹಾಕಿ, ತೀರ್ಥಹಳ್ಳಿಯ ತಂಗಿಯ ಮನೆಗೆ ಹೊರಟಿದ್ದಳು. ಮಳೆಗಾಲದಲ್ಲಿ ಒಂಬತ್ತು ದಿನ ಜ್ವರದಲ್ಲಿ ಮಲಗಿದ್ದಳಂತೆ. ಯಾರಿಗೂ ಗೊತ್ತೇ ಆಗಲಿಲ್ಲವಂತೆ. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಬಸ್ಸು ಹತ್ತುವ ಮುಂಚೆ, "ನಿಮ್ಗೆ ಹೆಪ್ಪು ಯಾರು ಕೊಡ್ತಾರೆ?" ಎಂದು ಕೇಳಿದಳು.

"ಪಕ್ಕದ್ಮನೆಯವ್ರು" ಎಂದೆ.

ಸುಳ್ಳು. ಸಾಗರದಿಂದ ವರ್ಗವಾಗಿ ಬಂದು ಮೂರು ವರ್ಷವಾಗಿತ್ತು. ಗೋಡೆಯಾಚೆಯ ಆ ಮನೆಯವರ ಮುಖವನ್ನೂ ನಾನು ಸರಿಯಾಗಿ ನೋಡಿರಲಿಲ್ಲ. ಹೋಟೆಲಿನಲ್ಲಿ ಉಂಡು ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಆ ಸಂಜೆ ಹಾಲು ತಂದು ಕಾಯಿಸಿಟ್ಟು, ಬಟ್ಟಲು ಹಿಡಿದು ಅವರ ಜಗಲಿಯ ತನಕ ಹೋದೆ. ಒಳಗೆ ದೀಪ ಹಚ್ಚಿಯಾಗಿತ್ತು. ದೀಪ ಹಚ್ಚಿದ ಮೇಲೆ ನಮ್ಮ ಕಡೆ ಹೆಪ್ಪು ಕೊಡುವುದಿಲ್ಲ, ಕೇಳುವುದೂ ಇಲ್ಲ. ಖಾಲಿ ಬಟ್ಟಲಿನೊಂದಿಗೆ ವಾಪಸು ಬಂದೆ. ಮರುದಿನ ಬೆಳಿಗ್ಗೆ ಹೋಗಲು ಧೈರ್ಯವಾಗಲಿಲ್ಲ.

ಅವರ ಬಾಗಿಲಿಗೂ ನನ್ನ ಬಾಗಿಲಿಗೂ ಹನ್ನೆರಡು ಹೆಜ್ಜೆ. ಫಾರಂ ತುಂಬಿದ್ದರೆ ನನಗೂ ಪೂರ್ತಿ ಅಂಕ ಬರುತ್ತಿತ್ತು.