ಗದಿಗೆವ್ವನ ಹಿತ್ತಲು

ಗದಿಗೆವ್ವ ಹದಿನಾರನೆಯ ವಯಸ್ಸಿಗೆ ಲಗ್ನವಾಗಿ ಬ್ಯಾಡಗಿಗೆ ಬಂದಳು. ಬಂದ ನಾಲ್ಕನೆಯ ತಿಂಗಳಿಗೆ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಕೆಲಸಕ್ಕೆ ಹೋದಳು. ಅಲ್ಲಿಂದ ಮೂವತ್ತೆಂಟು ವರ್ಷ ಅದೇ ಕೆಲಸ. ಒಣಗಿದ ಕಾಯಿಯನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ತೊಟ್ಟು ಮುರಿಯುವುದು. ಕಾಯಿ ಒಂದು ಕಡೆ, ತೊಟ್ಟು ಒಂದು ಕಡೆ. ಹೇಳಲು ಇಷ್ಟೇ. ಆದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಆ ಕೆಂಪು ರಾಶಿಯ ಮುಂದೆ ಕುಳಿತವರ ಬೆರಳ ಸಂದಿಯಲ್ಲಿ ಖಾರ ಇಳಿದು ಕೂರುತ್ತದೆ. ಸೋಪಿಗೂ ಹೋಗುವುದಿಲ್ಲ, ಎಣ್ಣೆಗೂ ಹೋಗುವುದಿಲ್ಲ.

ಅವಳ ಮನೆ ನಮ್ಮ ಓಣಿಯ ಕಡೆಯ ಮನೆ. ನಾನು ಇದೇ ಊರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಅವಳ ಒಬ್ಬಳೇ ಮಗಳು ಪುಷ್ಪಲತಾ ನನ್ನ ಹತ್ತಿರ ಮೂರು ವರ್ಷ ಕಲಿತಳು. ಹೀಗಾಗಿ ಆ ಮನೆಯ ಸಂಗತಿಗಳು ನನಗೆ ಸ್ವಲ್ಪ ಹೆಚ್ಚೇ ಗೊತ್ತು. ಉಳಿದದ್ದನ್ನು ಅವ್ವ, ಮಗಳು ಬೇರೆ ಬೇರೆ ಹೊತ್ತಿನಲ್ಲಿ ಹೇಳಿದ್ದಾರೆ.

ಪುಷ್ಪಾ ಎಂಟು ತಿಂಗಳ ಕೂಸಾಗಿದ್ದಾಗ ಒಂದು ಸಂಜೆ ಗದಿಗೆವ್ವ ಅನ್ನ ಕಿವುಚಿ ಅವಳ ಬಾಯಿಗೆ ಇಟ್ಟಳು. ಕೂಸು ಮುಖ ಕೆಂಪಗೆ ಮಾಡಿಕೊಂಡು, ಉಸಿರು ಹಿಡಿದು ಅತ್ತಿತು. ತುಟಿ ಊದಿತು. ಗದಿಗೆವ್ವ ಎರಡು ಸಲ ಕೈ ತೊಳೆದೇ ಉಣಿಸಿದ್ದಳು. ಆ ದಿನದಿಂದ ಅವಳು ಮಗಳ ಬಾಯಿಗೆ ಕೈ ಒಯ್ಯಲಿಲ್ಲ. ಚಮಚದಲ್ಲಿ ಉಣಿಸಿದಳು. ಕಣ್ಣಿಗೆ ಕಾಡಿಗೆ ಹಚ್ಚುವುದನ್ನು, ಮೂಗು ಒರೆಸುವುದನ್ನು ಗೋಡೆಯಾಚೆಯ ಹಸೀನಾಬಿ ಮಾಡಿದಳು. ಹಸೀನಾಬಿಯ ಮನೆಯವರು ಹೊಲಿಗೆ ಕೆಲಸದವರು, ಅವಳ ಕೈಯಲ್ಲಿ ಖಾರ ಇರುತ್ತಿರಲಿಲ್ಲ.

ಗದಿಗೆವ್ವನ ಮೂಗೂ ಹೋಗಿತ್ತು. ಮೊದಮೊದಲು ಸೀನು, ನೆಗಡಿ. ಆಮೇಲಾಮೇಲೆ ಯಾವ ವಾಸನೆಯೂ ತಿಳಿಯದಾಯಿತು. ಒಗ್ಗರಣೆ ಹೊತ್ತಿದರೆ ಒಳಗೆ ಓದುತ್ತ ಕುಳಿತ ಪುಷ್ಪಾ ಕೂಗಬೇಕು, "ಯವ್ವಾ, ಸೀಯಾಕತ್ತೈತಿ." ಸಾಸಿವೆಯನ್ನು ಸಪ್ಪಳದಿಂದ, ರೊಟ್ಟಿಯನ್ನು ಅದರ ಮೇಲಿನ ಚುಕ್ಕೆಗಳಿಂದ ಗುರುತಿಸಿ ಅವಳು ಅಡಿಗೆ ಮಾಡುತ್ತಿದ್ದಳು. ಕೆಲಸದಿಂದ ಬಂದು ಲಗೂ ಲಗೂ ಏನೋ ಒಂದು ಬೇಯಿಸಿ ಇಡುವುದು, ನಿಂತೇ ಉಣ್ಣುವುದು. ಗಂಡ ಶಂಕ್ರಪ್ಪ ಅದೇ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲ. ಪುಷ್ಪಾ ಪಿಯುಸಿಯಲ್ಲಿದ್ದಾಗ ಎದೆನೋವು ಬಂದು ಒಂದೇ ದಿನದಲ್ಲಿ ತೀರಿಕೊಂಡ. ಗದಿಗೆವ್ವ ಹದಿಮೂರನೆಯ ದಿನ ಮತ್ತೆ ರಾಶಿಯ ಮುಂದೆ ಹೋಗಿ ಕುಳಿತಳು.

ಮಗಳು ಡಿಗ್ರಿ ಮುಗಿಸಿ ಹಾವೇರಿಯಲ್ಲಿ ಒಬ್ಬ ವಕೀಲರ ಕಚೇರಿಗೆ ಟೈಪಿಂಗ್ ಕೆಲಸಕ್ಕೆ ಸೇರಿದಳು. ವೀರೇಂದ್ರ ಎಂಬ ಹುಡುಗನ ಜೊತೆ ಲಗ್ನವಾಯಿತು. ಅವನು ರಾಣೆಬೆನ್ನೂರಿನಲ್ಲಿ ಒಂದು ಬೀಜದ ಕಂಪನಿಯ ಹೊಲ ನೋಡಿಕೊಳ್ಳುವವ. ಹಾವೇರಿಯಲ್ಲಿ ಮನೆ ಮಾಡಿ ದಿನಾ ರೈಲಿಗೆ ಹೋಗಿ ಬರುತ್ತಿದ್ದ. ಮಾತು ಕಡಿಮೆ.

ಮಗಳ ಲಗ್ನವಾದ ಎರಡು ವರ್ಷಕ್ಕೆ ಗದಿಗೆವ್ವನಿಗೆ ಕೆಮ್ಮು ಹತ್ತಿತು. ಹಾವೇರಿಯ ಡಾಕ್ಟರು ಎಕ್ಸರೇ ನೋಡಿ, ಆ ಧೂಳಿನಲ್ಲಿ ಇನ್ನೊಂದು ದಿನವೂ ಕೂರಬಾರದು ಎಂದರು. ಐವತ್ತನಾಲ್ಕನೆಯ ವಯಸ್ಸಿಗೆ ಅವಳು ಮನೆಯಲ್ಲಿ ಕುಳಿತಳು. ಕುಳಿತಳು ಎಂದರೆ ಅಕ್ಷರಶಃ ಕುಳಿತಳು. ಬಾಗಿಲ ಹೊಸ್ತಿಲ ಹತ್ತಿರ, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು. ನಾನು ಶಾಲೆಗೆ ಹೋಗುವಾಗಲೂ ಅಲ್ಲೇ, ಬರುವಾಗಲೂ ಅಲ್ಲೇ. "ಕೆಲಸಿಲ್ಲದ ಕೈ ನೋಡಿದ್ರ ನಾಚಿಕಿ ಬರತೈತ್ರಿ ಮಾಸ್ತರ," ಎಂದು ಒಂದು ದಿನ ಹೇಳಿದಳು.

ಹಿತ್ತಲು ಎಂಬುದು ಅವಳಿಗೆ ಮೊದಲಿನಿಂದಲೂ ಇತ್ತು. ಹನ್ನೆರಡು ಹೆಜ್ಜೆ ಉದ್ದ, ಏಳು ಹೆಜ್ಜೆ ಅಗಲ. ಒಡೆದ ಹಂಚು, ಕಲ್ಲು, ಜಾಲಿಕಂಟಿ. ಆ ವರ್ಷ ಮೊದಲ ಮಳೆ ಬಿದ್ದ ಮರುದಿನ ಹಸೀನಾಬಿ ಗೋಡೆಯ ಮೇಲಿಂದ ಒಂದು ಕಾಗದದ ಪೊಟ್ಟಣ ಚಾಚಿದಳು.

"ಹೀರೇಬೀಜ ಅದಾವ ಗದಿಗೆಕ್ಕ. ನಮ್ಮ ಅಮ್ಮಾನ ಊರಿಂದ ತಂದಿದ್ದು. ನಿನ್ನ ಕಡೆ ಬಿಸಲ ಛಲೋ ಬೀಳತೈತಿ, ಹಾಕ."

"ನನಗ ಇದರಾಗ ಏನ ತಿಳೀತೈತಿ ಹಸೀನಾ?"

"ಬೀಜಕ್ಕ ತಿಳೀತೈತಿ ತಗೋ."

ಗದಿಗೆವ್ವ ಕಲ್ಲು ಆರಿಸಿದಳು. ಎಂಟು ದಿನ ಅದೇ ಕೆಲಸ. ಬೆರಳುಗಳಿಗೆ ಆರಿಸುವುದು ಗೊತ್ತಿತ್ತು. ಕಂಟಿ ಕಡಿಸಿ, ಪಕ್ಕದ ದನದ ಮನೆಯಿಂದ ಗೊಬ್ಬರ ತಂದು, ಗೋಡೆಯ ಗುಂಟ ಹೀರೆ ಊರಿದಳು. ಆಮೇಲೆ ಮೆಂತ್ಯ, ಕೊತ್ತಂಬರಿ, ಚವಳಿಕಾಯಿ, ನಾಲ್ಕು ಬದನೆ ಸಸಿ. ಮೆಣಸಿನ ಗಿಡ ಮಾತ್ರ ಹಚ್ಚಲಿಲ್ಲ. ಪಾತ್ರೆ ತೊಳೆದ ನೀರು ಹೋಗಿ ಬೀಳುವಲ್ಲಿ ಸೋರೆ ತಾನೇ ಹುಟ್ಟಿತು.

ದಸರೆಯ ಹೊತ್ತಿಗೆ ಒಂದು ಬೆಳಿಗ್ಗೆ ಅವಳು ಕೊತ್ತಂಬರಿ ಕೀಳಲು ಬಗ್ಗಿದ್ದಳು. ದಂಟು ಮುರಿದ ಕೂಡಲೇ ಏನೋ ಮೂಗಿಗೆ ಬಂತು. ಏನೆಂದು ಅವಳಿಗೆ ತಿಳಿಯಲಿಲ್ಲ. ಹಿಂದೆ ತಿರುಗಿ ನೋಡಿದಳು. ಮತ್ತೊಂದು ದಂಟು ಮುರಿದಳು, ಮತ್ತೆ ಬಂತು. ಆಗ ಅದು ಕೊತ್ತಂಬರಿಯ ವಾಸನೆ ಎಂದು ತಿಳಿಯಿತು. ಅಲ್ಲೇ ಮಣ್ಣಿನ ಮೇಲೆ ಕುಳಿತು ಸೊಪ್ಪನ್ನು ಮುಖಕ್ಕೆ ಒತ್ತಿಕೊಂಡು ಅತ್ತಳಂತೆ. ಇದನ್ನು ನನಗೆ ಹೇಳಿದವಳು ಗೋಡೆಯಾಚೆಯಿಂದ ನೋಡಿದ ಹಸೀನಾಬಿ. ಎಲ್ಲ ವಾಸನೆಗಳೂ ಮರಳಲಿಲ್ಲ. ಹೂವಿನದು ಇವತ್ತಿಗೂ ತಿಳಿಯುವುದಿಲ್ಲ ಎನ್ನುತ್ತಾಳೆ. ಆದರೆ ಒಂದೊಂದಾಗಿ ಮೆಂತ್ಯ, ಬೆಳ್ಳುಳ್ಳಿ, ಕಾವಲಿಯ ಮೇಲಿನ ಜೋಳದ ಹಿಟ್ಟು ಬಂದವು. ಅವಳ ಅಡಿಗೆ ನಿಧಾನವಾಯಿತು. ಒಲೆಯ ಮುಂದೆ ಸುಮ್ಮನೆ ಕೂರತೊಡಗಿದಳು. ಹಿತ್ತಲಿನಿಂದ ಕಿತ್ತ ಎರಡು ಬದನೆಕಾಯಿಗೆ ಗಂಟೆಗಟ್ಟಲೆ ಹೊತ್ತು ಹಿಡಿಯುತ್ತಿತ್ತು. ಮಾಡಿದ್ದರಲ್ಲಿ ಅರ್ಧ ಹಸೀನಾಬಿಗೆ, ಒಂದು ಬಟ್ಟಲು ನನಗೆ. ನಾನು ಹೆಂಡತಿ ಇಲ್ಲದವನು, ಖಾನಾವಳಿಯ ಊಟ ಉಂಡು ಬೇಸತ್ತವನು. ಆ ಪಲ್ಯದಲ್ಲಿ ಉಪ್ಪು, ಎಣ್ಣೆ, ಬೆಳ್ಳುಳ್ಳಿ ಬಿಟ್ಟು ಮತ್ತೇನೂ ಇರುತ್ತಿರಲಿಲ್ಲ. ಬಟ್ಟಲು ಮಾತ್ರ ಬರಿದಾಗುತ್ತಿತ್ತು.

ಅದೇ ವರ್ಷ ಪುಷ್ಪಾ ಬಸುರಿ. ಗದಿಗೆವ್ವ ಬಾಣಂತನದ ಉಂಡಿಗೆಂದು ಅಂಟು, ಕೊಬ್ಬರಿ, ಬೆಲ್ಲ ತಂದು ಡಬ್ಬಿ ತುಂಬಿದಳು. ಏಳು ತಿಂಗಳು ತುಂಬಿದ ಮೇಲೆ ಒಂದು ದಿನ ಕೂಸು ಮಿಸುಕಾಡುತ್ತಿಲ್ಲ ಎಂದು ಪುಷ್ಪಾ ಆಸ್ಪತ್ರೆಗೆ ಹೋದಳು. ಎದೆಬಡಿತ ನಿಂತಿತ್ತು. ಹೆರಿಗೆ ಮಾಡಿಸಿದರು. ಹೆಣ್ಣು ಕೂಸು. ವೀರೇಂದ್ರ ತನ್ನ ಕಾಕಾನ ಜೊತೆ ಹೋಗಿ ಮಣ್ಣು ಮಾಡಿ ಬಂದ. ಮೂರನೆಯ ದಿನ ಕೆಲಸಕ್ಕೆ ಹೋದ.

ಗದಿಗೆವ್ವ ಮಗಳನ್ನು ಬ್ಯಾಡಗಿಗೆ ಕರೆತಂದಳು. ಪುಷ್ಪಾ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದಳು. ಎದೆ ಹಾಲು ತುಂಬಿ ರವಿಕೆ ತೊಯ್ಯುತ್ತಿತ್ತು. ನೋಡಲು ಬಂದ ಬಂಧುಗಳಲ್ಲಿ ಒಬ್ಬರು ಬಾಣಂತಿಗೆ ಕೊಡುವುದನ್ನೆಲ್ಲ ಕೊಡಬೇಕು ಎಂದರೆ, ಇನ್ನೊಬ್ಬರು ಕೂಸೇ ಇಲ್ಲದ ಮೇಲೆ ಅಂಟಿನ ಉಂಡಿ ಯಾಕೆ ಎಂದರು. ಎರಡು ಮಾತೂ ಅವಳ ಕಿವಿಗೆ ಬೀಳುವಂತೆಯೇ ಆಡಿದರು. ಅವಳು ದಿನಕ್ಕೆ ಎರಡು ಗುಟುಕು ಚಹಾ ಬಿಟ್ಟು ಏನನ್ನೂ ಮುಟ್ಟಲಿಲ್ಲ. ಐದು ದಿನ ಹೀಗೆ ಕಳೆದವು.

ಆರನೆಯ ದಿನ ಹಸೀನಾಬಿ ಬಂದು ಒಲೆಯ ಹತ್ತಿರ ಕುಳಿತಳು. "ಮೈಗೆ ಗೊತ್ತಿಲ್ಲ ಗದಿಗೆಕ್ಕ, ಕೂಸ ಹೋಗೇತಿ ಅಂತ. ಅದು ಹಡೆದೈತಿ. ಅದಕ್ಕ ಹಸಿವು ಐತಿ."

ಗದಿಗೆವ್ವ ಎದ್ದು ಹಿತ್ತಲಿಗೆ ಹೋಗಿ ಎರಡು ಎಳೆ ಹೀರೇಕಾಯಿ ಕೊಯ್ದಳು. ಸಿಪ್ಪೆ ಹೆರೆದು, ಹೆಚ್ಚಿ, ಸ್ವಲ್ಪ ಎಣ್ಣೆ ಹಾಕಿ ಒಲೆಯ ಮೇಲೆ ಮುಚ್ಚಿಟ್ಟಳು. ನೀರು ಹಾಕಲಿಲ್ಲ, ಅದರ ನೀರಿನಲ್ಲೇ ಅದು ಬೆಂದಿತು. ಮೇಲೆ ಉದುರಿಸಲು ಒಂದು ಹಿಡಿ ಗುರೆಳ್ಳು ಹುರಿದಳು. ಚಟಚಟ ಸಿಡಿಯುವ ಹೊತ್ತಿಗೆ ಮನೆಯ ತುಂಬ ಅದರ ಘಮ ಹಬ್ಬಿತು.

"ಏನ ಹುರಿಯಾಕತ್ತೀ?" ಪಡಸಾಲೆಯಿಂದ ಪುಷ್ಪಾ ಕೇಳಿದಳು. ಬಂದ ಮೇಲೆ ಅವಳು ಆಡಿದ ಮೊದಲ ಮಾತು ಅದು.

"ಗುರೆಳ್ಳ."

ಗದಿಗೆವ್ವ ಒಂದು ರೊಟ್ಟಿ ಬಡಿದು, ಬಿಸಿಯಾಗಿರುವಾಗಲೇ ತಟ್ಟೆಗೆ ಹಾಕಿಕೊಂಡು ಹೋಗಿ ಮಗಳ ಪಕ್ಕ ಕುಳಿತಳು. ಪುಷ್ಪಾ ಎದ್ದು ಕುಳಿತಳು, ಆದರೆ ಕೈ ಎತ್ತಲಿಲ್ಲ. ಗದಿಗೆವ್ವ ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿದಳು. ತುತ್ತು ಹಿಡಿದ ಕೈ ಅರ್ಧಕ್ಕೆ ನಿಂತಿತು. ತನ್ನ ಬೆರಳುಗಳನ್ನೇ ನೋಡಿದಳು.

"ಯಾಕ ನಿಂತಿ?" ಎಂದಳು ಮಗಳು.

"ಚಮಚ ತರತೇನಿ ತಡಿ."

"ಬ್ಯಾಡ. ಹಂಗ ಹಾಕ."

ಗದಿಗೆವ್ವ ತುತ್ತು ಇಟ್ಟಳು. ಪುಷ್ಪಾ ಬಹಳ ಹೊತ್ತು ಅಗಿದು ನುಂಗಿದಳು. ಎರಡನೆಯದಕ್ಕೆ ತಾನೇ ಬಾಯಿ ತೆರೆದಳು. ಅರ್ಧ ರೊಟ್ಟಿಯಾದ ಮೇಲೆ ಅವ್ವನ ಕೈಯನ್ನು ಹಿಡಿದು, ಕೂಸಿನಂತೆ ಬಿಕ್ಕಿ ಬಿಕ್ಕಿ ಅತ್ತಳು. ಗದಿಗೆವ್ವ ಆ ಕೈಯಿಂದಲೇ ಅವಳ ಕಣ್ಣು ಒರೆಸಿದಳು.

ಅಲ್ಲಿಂದ ಮಗಳು ದಿನಾ ಸ್ವಲ್ಪ ಸ್ವಲ್ಪ ಉಂಡಳು. ಜೋಳದ ನುಚ್ಚು ಮಜ್ಜಿಗೆ, ಮೆಂತ್ಯ ಪಲ್ಯ, ತಿಳಿಸಾರು. ಅಂಟಿನ ಉಂಡಿಯನ್ನೂ ಗದಿಗೆವ್ವ ಯಾರನ್ನೂ ಕೇಳದೆ ಕಟ್ಟಿ ಕೊಟ್ಟಳು. ಹತ್ತು ಹದಿನೈದು ದಿನಕ್ಕೆ ಪುಷ್ಪಾ ಹಿತ್ತಲಿಗೆ ಬಂದು ಬಿಸಿಲಿಗೆ ಕೂರತೊಡಗಿದಳು. ಆದರೆ ಗಂಡನ ಫೋನು ಬಂದರೆ ಎತ್ತುತ್ತಿರಲಿಲ್ಲ. "ಮೂರ ದಿನಕ್ಕ ಕೆಲಸಕ್ಕ ಹೋದ ನೋಡ ಯವ್ವಾ," ಎನ್ನುತ್ತಿದ್ದಳು. ಅದೊಂದೇ ಮಾತು.

ಒಂದು ಭಾನುವಾರ ಮಧ್ಯಾಹ್ನ ವೀರೇಂದ್ರ ತಾನೇ ಬಂದ. ಬಹಳ ಇಳಿದಿದ್ದ. ಹೆಂಡತಿ ಒಳಗೆ ಎದ್ದು ಹೋದಳು. ಅವನು ಪಡಸಾಲೆಯಲ್ಲಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತ.

"ಉಣ್ರಿ ಅಳಿಯಾರ," ಎಂದು ಗದಿಗೆವ್ವ ತಟ್ಟೆ ಇಟ್ಟಳು. ಬದನೆಕಾಯಿ, ರೊಟ್ಟಿ, ಮೊಸರು.

"ಹಸಿವಿಲ್ರಿ ಅತ್ತಿ."

"ಮನ್ಯಾಗ ಏನ ಮಾಡಕೊಂತೀರಿ?"

ಅವನು ನಿಧಾನಕ್ಕೆ, "ಮನಿಗೆ ಹೋಗಾಕ ಆಗೂದಿಲ್ರಿ. ತೊಟ್ಟಲಾ ತಂದಿಟ್ಟೇನಿ ಅಲ್ಲಿ. ಕೆಲಸದ ಕಡೆನ ಇರತೇನಿ. ಗೋಡೌನಿನಾಗ ಮಲಗತೇನಿ," ಎಂದ.

ಕೂಸನ್ನು ಮಣ್ಣಿಗೆ ಎತ್ತಿಕೊಂಡು ಹೋದವನು ಅವನು. ಇಷ್ಟು ದಿನ ಯಾರೂ ಅವನನ್ನು ಉಂಡೆಯಾ ಎಂದು ಕೇಳಿರಲಿಲ್ಲ, ಗದಿಗೆವ್ವನೂ ಕೇಳಿರಲಿಲ್ಲ. "ಒಂದ ರೊಟ್ಟಿ ಉಣ್ರಿ," ಎಂದಳು. ಅವನು ತಲೆ ತಗ್ಗಿಸಿ ಉಂಡ. ಕಣ್ಣೀರು ತಟ್ಟೆಯಲ್ಲಿ ಬೀಳುತ್ತಿದ್ದರೂ ಉಂಡ. ಇನ್ನೊಂದು ಹಾಕಿದಳು, ಅದನ್ನೂ ಉಂಡ. ಬಾಗಿಲ ಹಿಂದೆ ಪುಷ್ಪಾ ನಿಂತು ಕೇಳುತ್ತಿದ್ದಳು.

ಸಂಜೆ ಅವನು ಮುಖ ತೊಳೆಯಲು ಹಿತ್ತಲಿಗೆ ಹೋದವನು ಸೋರೆಬಳ್ಳಿಯ ಹತ್ತಿರ ನಿಂತ. ಬೆರಳುದ್ದದ ಪೀಚುಕಾಯಿಗಳು ಹಳದಿಯಾಗಿ ಬಳ್ಳಿಯ ಬುಡದಲ್ಲಿ ಉದುರಿ ಬಿದ್ದಿದ್ದವು. "ಒಂದೂ ನಿಲ್ಲವಲ್ದು," ಎಂದಳು ಗದಿಗೆವ್ವ. ಬಿಳಿ ಹೂಗಳು ಆಗ ಅರಳುವ ಹೊತ್ತು. ವೀರೇಂದ್ರ ಒಂದು ಗಂಡು ಹೂ ಕಿತ್ತು, ಎಸಳು ಬಿಡಿಸಿ, ಬುಡದಲ್ಲಿ ಪೀಚು ಇರುವ ಹೆಣ್ಣು ಹೂವಿನ ನಡುವೆ ಮೆಲ್ಲಗೆ ಒತ್ತಿದ. ಹೊಲದಲ್ಲಿ ದಿನಾ ಮಾಡಿಸುವ ಕೆಲಸ. ನಾಲ್ಕು ಹೂವಿಗೆ ಹೀಗೆ ಮಾಡಿ ಗುರುತಿಗೆ ದಾರ ಕಟ್ಟಿದ.

ಪುಷ್ಪಾ ಬಂದು ಹಿಂದೆ ನಿಂತಿದ್ದಳು. "ಎಲ್ಲಾ ನಿಲ್ಲತಾವೇನು?" ಎಂದು ಕೇಳಿದಳು.

"ಎಲ್ಲಾ ನಿಲ್ಲೂದಿಲ್ಲ," ಎಂದ ಅವನು, ತಿರುಗದೆಯೇ. "ಯಾಕ ಬೀಳತಾವು ಅಂತ ಒಮ್ಮೊಮ್ಮಿ ನಮಗೂ ತಿಳಿಯೂದಿಲ್ಲ."

ಅವರಿಬ್ಬರೂ ಕತ್ತಲಾಗುವವರೆಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದರು. ಗದಿಗೆವ್ವ ಹಿತ್ತಲ ಬಾಗಿಲನ್ನು ಅರ್ಧ ಮುಂದೆ ಮಾಡಿ ಒಳಗೆ ಬಂದಳು. ಮುಂದಿನ ಭಾನುವಾರವೂ ಅವನು ಬಂದ. ಎರಡು ಪೀಚು ಹಿಡಿದಿದ್ದವು, ಎರಡು ಉದುರಿದ್ದವು. ಅದರ ಮುಂದಿನ ಭಾನುವಾರ ಎಳೆ ಸೋರೆಕಾಯಿಗೆ ಕಡಲೆಬೇಳೆ ಹಾಕಿ ಪುಷ್ಪಾ ತಾನೇ ಪಲ್ಯ ಮಾಡಿದಳು. ಉಪ್ಪು ಸ್ವಲ್ಪ ಮುಂದಾಗಿತ್ತು. ಮೂವರೂ ಉಂಡರು.

ಮೂರು ತಿಂಗಳ ಮೇಲೆ ಅವಳು ಹಾವೇರಿಗೆ ಮರಳಿದಳು. ಅದಕ್ಕೂ ಮೊದಲೇ ವೀರೇಂದ್ರ ಆ ಮನೆ ಬಿಟ್ಟು ಬೇರೆ ಓಣಿಯಲ್ಲಿ ನೆಲಮಹಡಿಯ ಮನೆ ಹಿಡಿದಿದ್ದ. ತೊಟ್ಟಿಲನ್ನು ಯಾರಿಗೆ ಕೊಟ್ಟರೋ ನಾನು ಕೇಳಲಿಲ್ಲ. ಈಗ ಪುಷ್ಪಾ ದಿನಾ ಸಂಜೆ ಕಚೇರಿಯಿಂದ ಬಂದು ಅವ್ವನಿಗೆ ಫೋನು ಮಾಡುತ್ತಾಳೆ. ಇಬ್ಬರ ಮಾತೂ ಒಂದೇ: "ಏನ ಮಾಡೀದಿ?" ಅವ್ವ ಹೇಳುತ್ತಾಳೆ, ಮಗಳು ಹೇಳುತ್ತಾಳೆ. ಚವಳಿಕಾಯಿ ಬಲಿತಿದ್ದರೆ ನಾರು ಹೇಗೆ ತೆಗೆಯಬೇಕು, ನುಚ್ಚು ಎಷ್ಟು ಹೊತ್ತು ನೆನೆಯಬೇಕು. ಮತ್ತೊಂದು ಕೂಸಿನ ಮಾತನ್ನು ಗದಿಗೆವ್ವ ಎತ್ತುವುದಿಲ್ಲ. ಬಂಧುಗಳು ಎತ್ತಿದರೆ, "ಅವರ ಪಾಡಿಗೆ ಅವರನ್ನ ಬಿಡ್ರಿ," ಎನ್ನುತ್ತಾಳೆ.

ಕೂಸು ಹೋಗಿ ವರ್ಷ ತುಂಬಿದ ದಿನ ಪುಷ್ಪಾ ರಜೆ ಹಾಕಿ ಬೆಳಗಿನ ಬಸ್ಸಿಗೆ ಬಂದಳು. ಇಬ್ಬರೂ ಸೇರಿ ಹಿತ್ತಲಿನ ಕಳೆ ತೆಗೆದರು. ಅವರೆ ಬಿಡಿಸಿದರು, ಅಡಿಗೆ ಮಾಡಿದರು, ಹಸೀನಾಬಿಯನ್ನೂ ಕರೆದು ಉಂಡರು. ಪಾತ್ರೆ ತೊಳೆಯುವಾಗ ಪುಷ್ಪಾ, ತಾನು ಆ ಕೂಸಿಗೆ ಮನಸ್ಸಿನಲ್ಲೇ ಒಂದು ಹೆಸರು ಇಟ್ಟಿದ್ದನ್ನು ಅವ್ವನಿಗೆ ಹೇಳಿದಳು. ಗದಿಗೆವ್ವ ಹೆಸರನ್ನು ಕೇಳಿದಳು. ಮಗಳು ಹೇಳಿದ ಮೇಲೆ ಒಂದು ಸಲ ತಾನೂ ಅಂದು ನೋಡಿದಳು. ಏನು ಹೆಸರೆಂದು ಅವಳು ನನಗೆ ಹೇಳಿಲ್ಲ.

ಸಂಜೆ ಐದರ ಬಸ್ಸಿಗೆ ಪುಷ್ಪಾ ಹೊರಟಾಗ ಓಣಿಯ ತಿರುವಿನಲ್ಲಿ ನನಗೆ ಸಿಕ್ಕಳು. ಕೈಚೀಲದಲ್ಲಿ ಅವರೆಕಾಯಿ, ಒಂದು ಕಟ್ಟು ಮೆಂತ್ಯ. "ಅವರಿಗೆ ಮೆಂತ್ಯಾ ಸೇರತೈತ್ರಿ ಸರ್," ಎಂದಳು ಗಂಡನ ಬಗ್ಗೆ. ಬಸ್ಸು ಬರುವ ಹೊತ್ತಾಗಿತ್ತು, ಬೇಗ ನಡೆದಳು.