ಗುಡ್ಡದಲ್ಲಿ ಯಾರೂ ಇಲ್ಲವಂತೆ

ಗಂಗವ್ವ ಸಡಾ ಗುಡ್ಡದಲ್ಲಿ ವಾಸವಿಲ್ಲ ಅಂತ ನನಗೆ ಗೊತ್ತಾದದ್ದು ಮೊನ್ನೆ ಮಂಗಳವಾರ. ಹೇಳಿದವರು ಒಬ್ಬ ಅಧಿಕಾರಿ, ಅದೂ ಮೈಕಿನಲ್ಲಿ. ಅವರು ಹಾಗೆ ಹೇಳುವಾಗ ಗಂಗವ್ವ ನನ್ನ ಪಕ್ಕದ ಕುರ್ಚಿಯಲ್ಲೇ ಕೂತು ಸಭೆಯವರು ಕೊಟ್ಟ ಬಿಸ್ಕೀಟು ತಿನ್ನುತ್ತಿದ್ದಳು.

ಗಂಗವ್ವ ಯಾರು ಅಂತೀರಾ? ವಾಸ್ಕೋದ ನಮ್ಮ ಮನೆಗೆ ಒಂಬತ್ತು ವರ್ಷದಿಂದ ಜೋಳದ ರೊಟ್ಟಿ ಬಡಿದು ತಂದುಕೊಡುವವಳು. ಊರು ಇಂಡಿ ಕಡೆ. ಗಂಡನಿಗೆ ಬಂದರಿನಲ್ಲಿ ದಿನಗೂಲಿ. ಸಡಾ ಗುಡ್ಡದಲ್ಲಿ ಕಡಲಿಗೆ ಮುಖ ಮಾಡಿದ ಇಳಿಜಾರಿನಲ್ಲಿ ಅವರ ಮನೆ. ತಗಡಿನ ಮಾಡು, ಒಂದೇ ಕೋಣೆ, ಅದರಲ್ಲಿ ಹಾಸಿಗೆ ಹಿಡಿದ ಅತ್ತೆ. ಮಗಳು ಇಲ್ಲಿನ ಕನ್ನಡ ಶಾಲೆಯಲ್ಲಿ ನನ್ನ ಕೈಯಲ್ಲೇ ಓದಿದವಳು. ಹಾಗಾಗಿ ಆ ಇಳಿಜಾರಿನವರಿಗೆಲ್ಲ ನಾನು ‘ಅಕ್ಕೋರು’.

ಸಭೆ ಇದ್ದದ್ದು ಗ್ಯಾಸಿನ ಹಡಗಿನ ಬಗ್ಗೆ. ಯಾವುದೋ ಕಂಪನಿ ನಮ್ಮ ಬಂದರಿನ ಹತ್ತಿರ ದೊಡ್ಡ ಹಡಗೊಂದನ್ನು ಕಾಯಮ್ಮಾಗಿ ಕಟ್ಟಿ ನಿಲ್ಲಿಸುತ್ತದಂತೆ. ಹೊರದೇಶದಿಂದ ಬೇರೆ ಹಡಗುಗಳು ನೈಸರ್ಗಿಕ ಅನಿಲವನ್ನು ಭಯಂಕರ ಚಳಿಯಲ್ಲಿ ದ್ರವ ಮಾಡಿ ತರುತ್ತವೆ. ಈ ಹಡಗು ಅದನ್ನು ಮತ್ತೆ ಗ್ಯಾಸ್ ಮಾಡಿ ಪೈಪಿನಲ್ಲಿ ದಡಕ್ಕೆ ಕಳಿಸುತ್ತದೆ. ಹೆಸರು ತೇಲುವ ಟರ್ಮಿನಲ್. ಸದ್ಯಕ್ಕೆ ಪ್ರಸ್ತಾವ ಅಷ್ಟೇ. (ಬಿಸ್ಕೀಟು ಕೊಟ್ಟು ಕೇಳುವ ಪ್ರಸ್ತಾವಗಳ ಬಗ್ಗೆ ನನಗೆ ಯಾವತ್ತೂ ಭಯವೇ.)

"ಅಷ್ಟ್ ಗ್ಯಾಸ್ ಬರತೈತಂದ್ರ ನಮಗೂ ಒಂದ್ ಸಿಲಿಂಡರ್ ಸಿಗಬಹುದೇನ್ರಿ ಅಕ್ಕೋರ?" ಅಂತ ಗಂಗವ್ವ ಕೇಳಿದಳು. ರೇಷನ್ ಕಾರ್ಡೂ ಇಲ್ಲ, ವಿಳಾಸದ ಪುರಾವೆಯೂ ಇಲ್ಲ. ಹಾಗಾಗಿ ಅವಳಿಗೆ ಇವತ್ತಿಗೂ ಕಟ್ಟಿಗೆ ಒಲೆಯೇ ಗತಿ.

ಅಷ್ಟರಲ್ಲಿ ಪರದೆಯ ಮೇಲೆ ನಕ್ಷೆ ಬಂತು. ಹಡಗಿನ ಸುತ್ತ ಒಂದು ಕೆಂಪು ಗೆರೆ. ಗ್ಯಾಸ್ ಸೋರಿದರೆ ಈ ಗೆರೆಯ ಒಳಗಿದ್ದವರಿಗೆ ಸೈರನ್ ಕೂಗುತ್ತದೆ, ಗಾಡಿ ಬರುತ್ತದೆ, ನಡೆಯಲಾಗದವರನ್ನು ಹೊತ್ತು ಇಳಿಸುತ್ತಾರೆ. ಗೆರೆಯೊಳಗಿನ ಓಣಿಗಳಿಗೆಲ್ಲ ಒಂದೊಂದು ನಂಬರು ಕೊಟ್ಟಿದ್ದರು. ಗಂಗವ್ವನ ಇಳಿಜಾರೂ ಗೆರೆಯೊಳಗೇ ಇತ್ತು. ಆದರೆ ಅದಕ್ಕೆ ಹಸಿರು ಬಣ್ಣ ಬಳಿದಿದ್ದರು, ನಂಬರು ಇರಲಿಲ್ಲ. ಅಂದರೆ ಅಲ್ಲಿಗೆ ಸೈರನ್ನೂ ಇಲ್ಲ, ಗಾಡಿಯೂ ಇಲ್ಲ. "ಇಲ್ಲಿ ಕಾಯಂ ವಾಸ ಇಲ್ಲ" ಎಂದರು ಅಧಿಕಾರಿ.

ಅವರು ಹಿಂದಿಯಲ್ಲಿ ಹೇಳಿದ್ದನ್ನು ನಾನು ಗಂಗವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವಳು ಬಿಸ್ಕೀಟು ಸೆರಗಿನಲ್ಲಿ ಕಟ್ಟಿಕೊಂಡು ಎದ್ದು ನಿಂತಳು.

"ಸಾಹೇಬ್ರ, ನಾ ಅಲ್ಲೇ ಇರತೇನ್ರಿ. ಹನ್ನೊಂದ್ ವರ್ಷ ಆತು. ನಮ್ಮತ್ತಿಗೆ ಏಳಾಕ ಬರೂದಿಲ್ಲ."

ಅದನ್ನು ನಾನು ಹಿಂದಿಯಲ್ಲಿ ಹೇಳಿದೆ. ಅಧಿಕಾರಿ ಒಳ್ಳೆಯವರು. ಬೈಯಲಿಲ್ಲ, ನಗಲಿಲ್ಲ. ಅವಳ ಹೆಸರು ಕೇಳಿಕೊಂಡು, ಫೈಲು ತಿರುವಿ ಒಂದು ಹಾಳೆ ಹುಡುಕಿ ತೋರಿಸಿ, "ಈ ಸಹಿ ನಿಮ್ಮದೇನಾ?" ಎಂದು ಕೇಳಿದರು. ಈ ಹಡಗಿನ ಸಲುವಾಗಿ ಮನೆಗಳ ಸರ್ವೇಗೆ ಬಂದವರ ಮುಂದೆ ಅವಳು ಕೊಟ್ಟ ಹೇಳಿಕೆ ಅದು. ನಾವು ಇಲ್ಲಿಯವರಲ್ಲ, ಅತ್ತೆಯನ್ನು ದವಾಖಾನೆಗೆ ತೋರಿಸಲು ಬಂದಿದ್ದೇವೆ, ಇಂಡಿ ತಾಲೂಕು. ಕೆಳಗೆ ಗುಂಡಗಿನ ಅಕ್ಷರದಲ್ಲಿ ‘ಗಂಗವ್ವ’.

"ಹೌದ್ರಿ" ಅಂದು ಅವಳು ಕೂತುಬಿಟ್ಟಳು.

ಅವಳೇಕೆ ಹಾಗೆ ಹೇಳಿದಳು? ಕೇಳಿ. ಕೆಲವು ವರ್ಷಗಳ ಹಿಂದೆ ಕೆಳಗಿನ ಕಡಲದಂಡೆಯ ಗುಡಿಸಲುಗಳ ಮೇಲೆ ಜೆಸಿಬಿ ಹೋಯಿತಲ್ಲ, ಅದಕ್ಕೂ ಮೊದಲು ಅಲ್ಲಿಗೆ ಬಂದದ್ದು ರಿಜಿಸ್ಟರು ಹಿಡಿದವರು. ಹೆಸರು ಬರೆದುಕೊಂಡರು, ಗೋಡೆಗೆ ನಂಬರು ಹಾಕಿದರು, ಆಮೇಲೆ ಕೆಡವಿದರು. ಅವತ್ತಿನಿಂದ ಈ ಇಳಿಜಾರಿನಲ್ಲಿ ಒಂದು ಪದ್ಧತಿ ಬಿದ್ದಿದೆ. ಕೈಯಲ್ಲಿ ಕಾಗದ ಹಿಡಿದ ಯಾರೇ ಮೆಟ್ಟಿಲು ಹತ್ತಲಿ, ಕೆಳಗಿನ ಮನೆಯವಳು ಸ್ಟೀಲಿನ ತಾಟು ಬಾರಿಸುತ್ತಾಳೆ. ಎಲ್ಲರೂ ಬೀಗ ಜಡಿದು ಗುಡ್ಡದ ಹಿಂದಕ್ಕೆ ಹೋಗುತ್ತಾರೆ. ಹೋಗಲಾಗದೆ ಸಿಕ್ಕಿಬಿದ್ದವರು ‘ಊರಿಂದ ಬಂದೀವ್ರಿ’ ಅನ್ನಬೇಕು. ಅತ್ತೆಯನ್ನು ಬಿಟ್ಟು ಹೋಗಲಾಗದ ಗಂಗವ್ವ ಪ್ರತಿ ಸಲ ಸಿಕ್ಕಿಬೀಳುತ್ತಾಳೆ.

ಈ ಮಾತು ಅವರಿಗೆ ಹೇಳಿಕೊಟ್ಟವರು ಯಾರು ಗೊತ್ತೇ? ನಾನು. ಭಾನುವಾರ ಹೆಂಗಸರಿಗೆ ಅಕ್ಷರ ಕಲಿಸಲು ಹೋದಾಗ, ಕೇಳಿದರೆ ಊರಿನ ಹೆಸರು ಹೇಳಿಬಿಡ್ರಿ ಅಂದಿದ್ದೆ. ಭಾರೀ ಜಾಣತನ ಮಾಡಿದೆ ಅಂತ ಒಳಗೊಳಗೇ ಬೀಗಿದ್ದೆ ಕೂಡ. ಗಂಗವ್ವನಿಗೆ ಸಹಿ ಹಾಕಲು ಕಲಿಸಿದವಳೂ ನಾನೇ. ಸಭೆಯಲ್ಲಿ ಆ ಗುಂಡಗಿನ ಅಕ್ಷರ ನೋಡಿ ನನಗೆ ತಲೆ ಎತ್ತಲಾಗಲಿಲ್ಲ.

ಹದಿನೈದು ದಿನದೊಳಗೆ ಲಿಖಿತ ಆಕ್ಷೇಪಣೆ ಕೊಡಿ, ಮತ್ತೆ ನೋಡೋಣ ಎಂದರು ಅಧಿಕಾರಿ. ಪ್ರತಿ ಮನೆಯವರ ಹೆಸರು, ಮನೆ ಇರುವ ಜಾಗ, ಸಹಿ ಬೇಕು. ಅವತ್ತೇ ಸಂಜೆ ಅರ್ಜಿ ಬರೆದೆ, ಮೊದಲ ಸಹಿ ನನ್ನದೇ ಹಾಕಿದೆ. ಭಾನುವಾರ ಬೆಳಿಗ್ಗೆ ಅದನ್ನು ಹಿಡಿದು ಮೆಟ್ಟಿಲು ಹತ್ತತೊಡಗಿದೆ. ನಾಲ್ಕು ಮೆಟ್ಟಿಲು ಹತ್ತಿರಲಿಲ್ಲ, ತಾಟಿನ ಸದ್ದು ಕೇಳಿತು.

ನನಗೇ! ಒಂಬತ್ತು ವರ್ಷದಲ್ಲಿ ಮೊದಲ ಸಲ. ನಾನು ಮೇಲೆ ಮುಟ್ಟುವಷ್ಟರಲ್ಲಿ ಸಾಲು ಸಾಲು ಬೀಗ. ತೆರೆದಿದ್ದದ್ದು ಗಂಗವ್ವನ ಬಾಗಿಲು ಒಂದೇ. ಅವಳು ಅತ್ತೆಗೆ ಗಂಜಿ ಕುಡಿಸುತ್ತಿದ್ದಳು. ನನ್ನ ಕೈಯ ಕಾಗದ ನೋಡಿದಳು, ತೆಗೆದುಕೊಳ್ಳಲಿಲ್ಲ.

"ಇದರಾಗ ಹೆಸರು ಬರದ್ರ ಜೆಸಿಬಿ ಬರತೈತ್ರಿ ಅಕ್ಕೋರ. ಬರೀಲಿಲ್ಲಂದ್ರ ಆ ಹಡಗ ಬರತೈತಿ. ಜೆಸಿಬಿ ನಾವ್ ನೋಡೀವಿ. ಹಡಗ ಇನ್ನೂ ನೋಡಿಲ್ಲ."

"ಗ್ಯಾಸ್ ಸೋರಿದರೆ ಅತ್ತೇನ್ನ ಏನು ಮಾಡ್ತಿ?" ಅಂದೆ. ಕೇಳಬಾರದಿತ್ತು.

ಗಂಗವ್ವ ಚಮಚ ಬಟ್ಟಲಿನಲ್ಲಿಟ್ಟು ಅತ್ತೆಯ ಬಾಯಿ ಒರೆಸಿದಳು. "ಹೆಂಗೂ ನಾ ಬಿಟ್ಟು ಹೋಗೂದಿಲ್ರಿ" ಅಂದಳು. "ಚಾ ಮಾಡ್ಲೇನ್ರಿ?"

ಚಹಾ ಕುಡಿದು ಇಳಿದು ಬಂದೆ. ಸರ್ಕಾರ ಯಾರನ್ನು ಉಳಿಸಬೇಕು ಅಂತ ಕೇಳಲು ಹಿಡಿಯುವ ಕಾಗದವೂ, ಯಾರನ್ನು ಎಬ್ಬಿಸಬೇಕು ಅಂತ ಬರೆಯುವ ಕಾಗದವೂ ಒಂದೇ ನಮೂನೆ ಇದ್ದರೆ ಬಡವರು ಏನು ಮಾಡಬೇಕು? ನನಗೆ ಉತ್ತರ ಗೊತ್ತಿಲ್ಲ. ಗೊತ್ತಿದ್ದಂತೆ ನಟಿಸಿ ಒಂದು ಸಲ ಪಾಠ ಹೇಳಿದ್ದೇ ಸಾಕು.

ಅರ್ಜಿ ನನ್ನ ಮೇಜಿನ ಮೇಲೆ ಹಾಗೇ ಇದೆ. ಅದರಲ್ಲಿರುವುದು ಒಂದೇ ಸಹಿ, ಆ ಗುಡ್ಡದಲ್ಲಿ ಖರೇನೇ ವಾಸವಿಲ್ಲದವಳದ್ದು.