ಟೇಪಿನೊಳಗಿನ ಕೈ

ಆ ಬೀದಿಯಲ್ಲಿ ಟೇಪಕ್ಕನ ಜೊತೆ ವಾದಕ್ಕಿಳಿಯುವಷ್ಟು ಗುಂಡಿಗೆ ಯಾರಿಗೂ ಇರಲಿಲ್ಲ. ದರ್ಜಿ ಹೆಂಗಸು, ಕತ್ತರಿಗಿಂತ ಬಾಯಿ ಹರಿತ. "ನಾನೇನು ದಪ್ಪ ಆಗಿಲ್ಲ, ನೀವೇ ಅಂಗಿ ಬಿಗಿ ಮಾಡಿದೀರಿ" ಎಂದು ಯಾರಾದರೂ ಜಗಳಕ್ಕೆ ಬಂದರೆ, ಕೊರಳಲ್ಲಿದ್ದ ಟೇಪನ್ನು ಎಳೆದು ಅವರ ಸೊಂಟಕ್ಕೇ ಸುತ್ತಿ, "ನನ್ನ ನಂಬಬೇಡಮ್ಮ, ಇದನ್ನ ನಂಬು" ಎನ್ನುತ್ತಿದ್ದಳು. ಮುಗಿಯಿತು. ಬಂದವರು ಬಾಯಿ ಮುಚ್ಚಿಕೊಂಡು ಹೋಗಬೇಕು.

ಅದೇ ಅಂಗಡಿಯ ಮೂಲೆಯಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದವನು ಅವಳ ಗಂಡ. ಮೆದು ಮನುಷ್ಯ, ಹೆಂಡತಿಗೆ ಎದುರಾಡಿದ್ದೇ ಇಲ್ಲ, ಪುಣ್ಯಾತ್ಮ. ಈಚೆಗೆ ಸೊರಗುತ್ತಿದ್ದ. ಅದು ಮಗಳ ಕಣ್ಣಿಗೆ ಬಿತ್ತು.

"ಅಮ್ಮಾ, ಅಪ್ಪನ್ನ ಡಾಕ್ಟರಿಗೆ ತೋರಿಸೋಣ."

"ಅವರಿಗೇನಾಗಿದೆ ದಾಡಿ? ನಿನ್ನೆ ತಾನೇ ಮಾಳಿಗೆ ಹತ್ತಿ ಬಟ್ಟೆ ತಂದ್ರು. ತಟ್ಟೆ ಖಾಲಿ ಮಾಡಿ ಎದ್ರು!"

ನಡುವೆ ಅವನು ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಂಡದ್ದನ್ನು ಅವಳು ಹೇಳಲಿಲ್ಲ. ತಟ್ಟೆಗೆ ಬಡಿಸಿದ್ದೆಷ್ಟು ಎಂದೂ ಹೇಳಲಿಲ್ಲ. ಪಕ್ಕದಂಗಡಿಯವನು ಬಾಯುಪಚಾರಕ್ಕೆ "ಯಜಮಾನ್ರು ಚೆನ್ನಾಗಿದಾರೆ" ಎಂದದ್ದನ್ನು ಮಾತ್ರ ಬೀದಿಗೆಲ್ಲ ಸಾರಿದ್ದಳು. ಊರಿಗೇ ಅಳತೆ ಹೇಳುವ ಹೆಂಗಸು, ನೋಡಿ! ನಿಜದಲ್ಲಿ ತನಗೆ ಬೇಕಾದ ತುಂಡನ್ನಷ್ಟೇ ಕತ್ತರಿಸಿಕೊಂಡು, ಉಳಿದದ್ದನ್ನು ಮಂಚದ ಕೆಳಗೆ ತಳ್ಳುತ್ತಿದ್ದಳು.

"ಹಾಗಾದ್ರೆ ಅಳೆದು ತೋರ್ಸು" ಎಂದಳು ಮಗಳು. "ಟೇಪು ಹೇಳಿದ್ದನ್ನ ಒಪ್ಕೋತೀನಿ."

ಟೇಪಕ್ಕ ಗಂಡನನ್ನು ನಿಲ್ಲಿಸಿ ಎದೆಗೆ ಟೇಪು ಸುತ್ತಿದಳು. ಅಂಗಿ ಬಿಗಿಯಾಗದಿರಲೆಂದು ಟೇಪಿನೊಳಗೆ ಎರಡು ಬೆರಳಿಟ್ಟು ಅಳೆಯುವುದು ಅವಳ ರೂಢಿ.

"ನೋಡೇ! ಎಂದಿನ ಅಳತೆನೇ. ಕೂದಲೆಳೆಯಷ್ಟೂ ಕಮ್ಮಿಯಿಲ್ಲ!"

ಮಗಳು ಅಮ್ಮನ ಕೈಯನ್ನೇ ನೋಡುತ್ತಿದ್ದಳು. ಟೇಪಕ್ಕನೂ ನೋಡಿಕೊಂಡಳು. ಒಳಗಿದ್ದದ್ದು ಎರಡು ಬೆರಳಲ್ಲ, ಇಡೀ ಅಂಗೈ. ದೇವರಾಣೆಗೂ ಬೇಕೆಂದು ಇಟ್ಟದ್ದಲ್ಲ. ಅಂಗೈಗೆ ಗಂಡನ ಪಕ್ಕೆಲುಬುಗಳು ಸಿಗುತ್ತಿದ್ದವು.

"ಹೋದ ಸಲ ಅಳೆದಾಗಲೂ ಕೈ ಹೀಗೇ ಇಟ್ಟಿದ್ದೆ ಕಣೇ" ಎಂದ ಗಂಡ, ಮೆಲ್ಲಗೆ.

ಅದಕ್ಕೇ ಆಗ ಹೊಲಿದ ಅಂಗಿ ಜೋಲುತ್ತಿತ್ತು. ಅವಳು ಬಟ್ಟೆಯನ್ನು ಬೈದಿದ್ದಳು.

"ಆಗಲೇ ಬಾಯಿ ಬಿಟ್ಟು ಹೇಳಬಾರದಿತ್ತಾ?"

"ನಿನ್ನ ಕೈ ಬೆಚ್ಚಗಿತ್ತು. ಸುಮ್ಮನಿದ್ದೆ."

ಟೇಪಕ್ಕ ಅಂಗೈಯನ್ನು ಹೊರಗೆಳೆದಳು. ಟೇಪು ಸಡಿಲಾಗಿ ಹೊಟ್ಟೆಯವರೆಗೆ ಜಾರಿತು. ಅದನ್ನು ಮೇಲೆತ್ತಿ ಮತ್ತೆ ಅಳೆಯಲು ಅವಳಿಗೆ ಧೈರ್ಯ ಬರಲಿಲ್ಲ.

"ಹೋಗೇ, ಗಾಡಿ ಕರಿ" ಎಂದಳು ಮಗಳಿಗೆ. "ಡಾಕ್ಟರ ಹತ್ರ ಹೋಗೋಣ."

"ಇನ್ನೊಂದು ಗುಂಡಿ ಬಾಕಿ ಇದೆ..." ಎಂದ ಗಂಡ.

"ಗುಂಡಿ ಹಾಳಾಗ್ಲಿ! ನಂಗೆ ನೀವು ಬೇಕು ಕಣ್ರೀ."